ಅನ್ಯರು ಗೆದ್ದಿಟ್ಟ ಗೆಲುವು

ಧರ್ಮಸೂಕ್ಷ್ಮವು ಮಹತ್ತರವಾದ ಸಂದರ್ಭಗಳಲ್ಲಿ ಮಾತ್ರ ಎದುರಾಗುವುದೆಂದು ಭಾವಿಸುವವರುಂಟು. ರಾಜ್ಯತ್ಯಾಗ, ಸತ್ಯಕ್ಕಾಗಿ ಪ್ರಾಣಾರ್ಪಣೆ ಮುಂತಾದ ಪ್ರಸಂಗಗಳು ಪುರಾಣಪುರುಷರಿಗೆ ಒದಗುತ್ತವೆ. ನಮ್ಮ ನಿಮ್ಮಂಥವರಿಗೆ ಧರ್ಮದ ಪ್ರಶ್ನೆ ಬರುವುದು ಅಂಗಡಿಯ ತಕ್ಕಡಿಯಲ್ಲಿ, ಹೊಲದ ಬದುವಿನಲ್ಲಿ, ಪರೀಕ್ಷೆಯ ಕೋಣೆಯಲ್ಲಿ, ಒಮ್ಮೊಮ್ಮೆ ಮಕ್ಕಳ ಆಟದಲ್ಲಿ. ಆದುದರಿಂದ ಮಠದ ಪತ್ರಿಕೆಯಲ್ಲಿ ಮೊಬೈಲಿನ ಕುಸ್ತಿಯಾಟದ ವಿಚಾರ ಬಂದುದಕ್ಕೆ ವಾಚಕರು ಆಶ್ಚರ್ಯಪಡಬೇಕಾದುದಿಲ್ಲ.

ಪ್ರಸಾದನಿಲಯದಲ್ಲಿದ್ದು ಪದವಿ ತರಗತಿಯಲ್ಲಿ ಓದುತ್ತಿರುವ ಯಲಬುರ್ಗಾ ಸೀಮೆಯ ತರುಣನೊಬ್ಬನು ಸಾಯಂಪ್ರಾರ್ಥನೆಯ ತರುವಾಯ ನಮ್ಮಲ್ಲಿಗೆ ಬಂದು ಕೇಳಿದನು: “ಅಜ್ಜಾರ, ಮೊಬೈಲಿನಾಗ ಕುಸ್ತಿ ಆಟ ಒಂದೈತ್ರಿ. ಬ್ಯಾರೆಯವ್ರು ಆಡಿ ಗೆದ್ದು ಇಟ್ಟಿದ್ದನ್ನ ನಾವು ಪುಕ್ಕಟೆ ತಗೊಂಡು ಮುಂದ ಆಡಾಕ ಬರ್ತೈತಿ. ಹಂಗ ಮಾಡಿದ್ರ ಅದು ಕಳವೋ, ಪ್ರಸಾದೋ?” ಸುತ್ತಲಿದ್ದ ಹುಡುಗರು ನಕ್ಕರು. ನಮಗೆ ನಗು ಬರಲಿಲ್ಲ. ಕಳವು, ಪ್ರಸಾದ ಎಂಬ ಎರಡು ಶಬ್ದಗಳ ನಡುವೆ ಆತನು ತನ್ನ ಸಂದೇಹವನ್ನು ತಂದು ನಿಲ್ಲಿಸಿದ ಬಗೆಯಲ್ಲಿ ಶಾಸ್ತ್ರಪಾಠದ ಜಾಡು ಇತ್ತು.

ಪ್ರಶ್ನೆಯನ್ನು ಬಿಡಿಸುವ ಮುನ್ನ ಆಟದ ಸ್ವರೂಪವನ್ನು ತಿಳಿಯಬೇಕು. 2000ನೆಯ ಇಸವಿಯ ನವೆಂಬರಿನಲ್ಲಿ ‘ಡಬ್ಲ್ಯುಡಬ್ಲ್ಯುಎಫ್ ನೋ ಮರ್ಸಿ’ ಎಂಬ ವಿಡಿಯೋ ಆಟವು ಅಮೆರಿಕದಲ್ಲಿ ಹೊರಬಂದಿತು. ಜಪಾನಿನ ಅಸ್ಮಿಕ್ ಏಸ್ ಮತ್ತು ಅಕಿ ಸಂಸ್ಥೆಗಳು ರಚಿಸಿ, ಟಿಎಚ್‌ಕ್ಯೂ ಸಂಸ್ಥೆ ಪ್ರಕಟಿಸಿದ ಈ ಆಟವು ನಿಂಟೆಂಡೊ 64 ಎಂಬ ಯಂತ್ರಕ್ಕಾಗಿ ಮಾಡಿದ್ದು. ಆ ಯಂತ್ರದ ತಯಾರಿಕೆ ನಿಂತು ಎಷ್ಟೋ ವರ್ಷಗಳಾದುವು. ಆದರೆ ಹಳೆಯ ಯಂತ್ರದ ನಡೆಯನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶದ ದೆಸೆಯಿಂದ ಆಟವು ಇಂದಿಗೂ ಗಣಕದಲ್ಲಿಯೂ ಮೊಬೈಲಿನಲ್ಲಿಯೂ ಜೀವದಿಂದಿದೆ. ಈ ಆಟದಲ್ಲಿ ಸಕಲವೂ ಮೊದಲಿಗೇ ದೊರೆಯುವುದಿಲ್ಲ. ಪಂದ್ಯಗಳನ್ನು ಆಡಬೇಕು, ಪಟ್ಟಕ್ಕಾಗಿ ಸೆಣಸಬೇಕು, ಆಟದೊಳಗಿನ ಹಣವನ್ನು ಗಳಿಸಬೇಕು. ಆ ಹಣವನ್ನು ಕೊಟ್ಟು ‘ಸ್ಮ್ಯಾಕ್‌ಡೌನ್ ಮಾಲ್’ ಎಂಬ ಅಂಗಡಿಯಲ್ಲಿ ಹೊಸ ಉಡುಪು, ಹೊಸ ಪಟ್ಟು, ಗುಪ್ತವಾಗಿರುವ ಮಲ್ಲರು ಇವನ್ನೆಲ್ಲ ಕೊಂಡುಕೊಳ್ಳಬೇಕು. ಹೀಗೆ ಗಳಿಸಿದ್ದೆಲ್ಲವೂ ಆಟದ ಕಾರ್ಟ್ರಿಜ್ಜಿನೊಳಗಿನ ಸ್ಮೃತಿಯಲ್ಲಿ ಉಳಿಯುತ್ತಿತ್ತು. ಈಗಿನ ಎಮ್ಯುಲೇಟರಿನಲ್ಲಿ ಅದೇ ಒಂದು ಚಿಕ್ಕ ಕಡತವಾಗಿ ಉಳಿಯುತ್ತದೆ: 128 ಕಿಲೋಬೈಟು, ಮೊಬೈಲಿನಲ್ಲಿ ತೆಗೆದ ಒಂದು ಫೋಟೋಕ್ಕಿಂತಲೂ ಕಿರಿದು. ಇದನ್ನೇ ಸೇವ್ ಫೈಲ್ ಎನ್ನುತ್ತಾರೆ. ಒಬ್ಬನು ತಿಂಗಳುಗಟ್ಟಲೆ ಆಡಿ ಸಂಪಾದಿಸಿದ್ದನ್ನು ಮತ್ತೊಬ್ಬನು ನಿಮಿಷಾರ್ಧದಲ್ಲಿ ತನ್ನ ಆಟದೊಳಗೆ ಇರಿಸಿಕೊಳ್ಳಬಹುದು. 2003ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂದ ‘ಹಿಯರ್ ಕಮ್ಸ್ ದ ಪೇನ್’ ಎಂಬ ಕುಸ್ತಿಯಾಟದ ಕಥೆಯೂ ಇದೇ. ಅಲ್ಲಿ ಗಳಿಕೆಯೆಲ್ಲ 8 ಮೆಗಾಬೈಟಿನ ಮೆಮೊರಿ ಕಾರ್ಡಿನಲ್ಲಿ ಕೂಡುತ್ತಿತ್ತು.

ಇನ್ನು ಈ ಆಟಗಳ ಮತ್ತೊಂದು ವಿಶೇಷ. ಆಡುವವನು ತನಗೆ ಬೇಕಾದ ಮಲ್ಲನನ್ನು ತಾನೇ ನಿರ್ಮಿಸಬಹುದು. ಮುಖ, ಮೈಕಟ್ಟು, ಉಡುಪು, ಹೆಸರು, ಹಾಕುವ ಒಂದೊಂದು ಪಟ್ಟು, ಎಲ್ಲವನ್ನೂ ಬಿಡಿಬಿಡಿಯಾಗಿ ಆರಿಸಿ ಕೂಡಿಸಬೇಕು. 2000ದ ಆಟದಲ್ಲಿ ಗ್ರೇಟ್ ಖಲಿ ಇರುವುದು ಸಾಧ್ಯವಿಲ್ಲ, ಏಕೆಂದರೆ ಅವರು ಆ ಸಂಸ್ಥೆಯ ಕಣಕ್ಕೆ ಇಳಿದದ್ದು 2006ರಲ್ಲಿ. 2012ರಲ್ಲಿ ತೀರಿಕೊಂಡ ನಮ್ಮ ದಾರಾ ಸಿಂಗರೂ ಅದರಲ್ಲಿಲ್ಲ. ಅಂಥವರನ್ನು ಕಣದಲ್ಲಿ ನೋಡಬೇಕೆಂಬ ಹಂಬಲವುಳ್ಳ ಅಭಿಮಾನಿಯು ಚಿತ್ರಗಳನ್ನು ಮುಂದಿಟ್ಟುಕೊಂಡು, ಇರುಳು ನಿದ್ದೆಗೆಟ್ಟು, ಹುಬ್ಬಿನ ಬಾಗು ತಪ್ಪದಂತೆ ಆಕೃತಿಯನ್ನು ತಿದ್ದಬೇಕಾಗುತ್ತದೆ. ನಮ್ಮ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗೆ ಬಣ್ಣವಿಡುವಾಗ ತೋರುವ ಸಹನೆಗೆ ಇದನ್ನು ಹೋಲಿಸಿದರೆ ಅತಿಯಾಗದು. ಇಂಥ ಅಭಿಮಾನಿಗಳು ದೇಶದೇಶಗಳಲ್ಲಿದ್ದಾರೆ. ಆಟ ಹುಟ್ಟಿ ಎರಡು ದಶಕಗಳು ಕಳೆದರೂ ತಾವು ರೂಪಿಸಿದ ಮಲ್ಲರನ್ನು ತುಂಬಿದ ಕಡತಗಳನ್ನು ಯಾರಾದರೂ ತೆಗೆದುಕೊಳ್ಳಲೆಂದು ಬಿಟ್ಟಿಯಾಗಿ ಇಡುತ್ತಲೇ ಇದ್ದಾರೆ. (ಆಟದ ಮೂಲಪ್ರತಿಯನ್ನೇ ಹಣ ಕೊಡದೆ ಇಳಿಸಿಕೊಳ್ಳುವುದು ಬೇರೆಯ ಮಾತು. ಅದಕ್ಕೆ ಒಡೆಯರಿದ್ದಾರೆ, ಕಾಯ್ದೆಯಿದೆ. ಅಲ್ಲಿ ಸೂಕ್ಷ್ಮವೇನೂ ಇಲ್ಲ.)

ಆಟಕ್ಕೆ ಧರ್ಮವೇಕೆ, ಅದರಲ್ಲಿಯೂ ಸೋಲುಗೆಲುವುಗಳನ್ನು ಮೊದಲೇ ಗೊತ್ತುಮಾಡಿಕೊಂಡು ಆಡುವ ಅಮೆರಿಕದ ತೋರಿಕೆಯ ಕುಸ್ತಿಗೆ ಧರ್ಮವೆಂತು ಎಂದು ಕೆಲವರು ಕೇಳಬಹುದು. ನಮ್ಮ ದೊಡ್ಡಾಟದಲ್ಲಿ ದುರ್ಯೋಧನನು ಪ್ರತಿ ಸಲವೂ ಸೋಲುತ್ತಾನೆ. ಅದರಿಂದ ಭೀಮನ ಪಾತ್ರಧಾರಿಯನ್ನು ಯಾರೂ ಮೋಸಗಾರನೆನ್ನುವುದಿಲ್ಲ, ನೋಡುವವರೆಲ್ಲರೂ ಅದನ್ನು ಬಲ್ಲರು. ಬಲ್ಲದಂತೆ ಮಾಡಿದಾಗಲೇ ಮೋಸ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈಗ ಪ್ರಶ್ನೆಗೆ ಬರೋಣ. ಕಳವೆಂದರೆ ಒಡೆಯನ ಇಚ್ಛೆಗೆ ವಿರೋಧವಾಗಿ, ಇಲ್ಲವೆ ಅವನಿಗೆ ಅರಿವಿಲ್ಲದೆ, ಅವನ ವಸ್ತುವನ್ನು ಅಪಹರಿಸುವುದು. ಕಡತವನ್ನು ಮಾಡಿದವನೇ ತೆಗೆದುಕೊಳ್ಳಿರೆಂದು ಇಟ್ಟಿರುವಾಗ ಅಲ್ಲಿ ಅಪಹಾರವಿಲ್ಲ. ಹಾಗಾದರೆ ಅದು ಪ್ರಸಾದವೇ? ಅವಸರದಿಂದ ಅಹುದೆನ್ನಲಾಗದು. ವೀರಶೈವ ಸಿದ್ಧಾಂತದಲ್ಲಿ ಪದಾರ್ಥ ಬೇರೆ, ಪ್ರಸಾದ ಬೇರೆ. ಹೊಲದಿಂದ ಬಂದದ್ದು, ಒಲೆಯಿಂದ ಇಳಿದದ್ದು ಪದಾರ್ಥ. ಲಿಂಗಕ್ಕೆ ಅರ್ಪಿತವಾಗಿ ಅವಧಾನಪೂರ್ವಕವಾಗಿ ಸ್ವೀಕೃತವಾದಾಗ ಅದೇ ಪ್ರಸಾದವಾಗುತ್ತದೆ. ಎರಡರ ನಡುವೆ ವಸ್ತುವಿನಲ್ಲಿ ಎಳ್ಳಷ್ಟು ಭೇದವಿಲ್ಲ; ಇರುವ ಭೇದವೆಲ್ಲ ಸ್ವೀಕರಿಸುವವನ ಭಾವದಲ್ಲಿಯೂ ನಡೆಯಲ್ಲಿಯೂ ಇದೆ. ಆ ತರುಣನಿಗೆ ನಾವು ಕೊಟ್ಟ ಉತ್ತರವೂ ಇಷ್ಟೇ: ಅದು ಕಳವಲ್ಲ, ಪ್ರಸಾದವೂ ಆಗಿಲ್ಲ, ಇನ್ನೂ ಪದಾರ್ಥವಾಗಿಯೇ ಇದೆ. ಅದು ಏನಾಗಬೇಕೆಂಬುದು ತೆಗೆದುಕೊಳ್ಳುವವನ ಕೈಯಲ್ಲಿದೆ.

ಅನ್ಯರ ಶ್ರಮದಿಂದ ಆದುದನ್ನು ಸ್ವೀಕರಿಸುವುದೇ ಹೀನವೆಂದು ತಿಳಿಯುವ ಒಂದು ಬಗೆಯ ಬಿಗುಮಾನವುಂಟು. ಅದು ನಮ್ಮ ಪರಂಪರೆಗೆ ಸಮ್ಮತವಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಣ ಹಳ್ಳಿಗಳ ತಾಯಂದಿರು ಜೋಳದ ರೊಟ್ಟಿಯನ್ನು ತಟ್ಟಿ ಕಳುಹಿಸುತ್ತಾರೆ. ಪಂಕ್ತಿಯಲ್ಲಿ ಕುಳಿತವನ ಎಲೆಗೆ ಬಿದ್ದ ರೊಟ್ಟಿ ಕುಷ್ಟಗಿಯ ಕಡೆಯದೋ ಗಂಗಾವತಿಯ ಕಡೆಯದೋ ಅವನರಿಯನು. ತಟ್ಟಿದ ತಾಯಿಯೂ ಉಣ್ಣುವವನನ್ನು ಅರಿಯಳು. ಅಲ್ಲಿ ಉಂಡವನಿಗೆ ಅವಮಾನವಿಲ್ಲ. ಅವನ ಮೇಲೆ ಇರುವ ಕರ್ತವ್ಯವೆಂದರೆ ಬಡಿಸಿದ್ದನ್ನು ಚೆಲ್ಲದಿರುವುದು, ಮತ್ತೊಂದು ವರ್ಷ ತನ್ನ ಮನೆಯಿಂದಲೂ ನಾಲ್ಕು ರೊಟ್ಟಿ ಹೋಗುವಂತೆ ನೋಡಿಕೊಳ್ಳುವುದು. ಎಲ್ಲಿಯೋ ಅಜ್ಞಾತನಾಗಿ ಕುಳಿತು ಮಲ್ಲರನ್ನು ರೂಪಿಸಿ ಹಂಚುವ ಅಭಿಮಾನಿಯ ಕೆಲಸದಲ್ಲಿ ದಾಸೋಹದ ಛಾಯೆಯಿದೆ ಎನ್ನಲು ನಮಗೆ ಸಂಕೋಚವಿಲ್ಲ. ಹತ್ತು ಕಡತಗಳನ್ನು ಉಂಡವನು ತಾನೂ ಒಬ್ಬ ಮಲ್ಲನನ್ನು ರೂಪಿಸಿ ಆ ಪಂಕ್ತಿಗೆ ಬಡಿಸಲಿ. ಅದು ಸೊಟ್ಟಗಿದ್ದರೂ ಚಿಂತೆಯಿಲ್ಲ. ಮೊದಲ ರೊಟ್ಟಿ ಯಾರದೂ ದುಂಡಗಿರುವುದಿಲ್ಲ.

ಆದರೆ ಸ್ವೀಕಾರಕ್ಕೆ ಮಿತಿಯೆಷ್ಟು? ಇಲ್ಲಿ ಆಯ್ದಕ್ಕಿ ಲಕ್ಕಮ್ಮ ಮಾರಯ್ಯ ದಂಪತಿಗಳನ್ನು ನೆನೆಯದೆ ಗತ್ಯಂತರವಿಲ್ಲ. ಕುಷ್ಟಗಿಗೆ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅವರ ಮೂಲಸ್ಥಳ. ಇಬ್ಬರ ಅಂಕಿತದಲ್ಲಿಯೂ ಆ ಅಮರೇಶ್ವರಲಿಂಗದ ಹೆಸರಿದೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಒಪ್ಪದೆ, ಮಿಕ್ಕದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಪ್ರಸಿದ್ಧವಾದ ಕಥೆ. ವಿಚಾರಿಸಿ ನೋಡಿದರೆ ಆ ಅಕ್ಕಿಯನ್ನು ಮಾರಯ್ಯನು ಬೆಳೆದದ್ದಲ್ಲ, ಕುಟ್ಟಿದ್ದಲ್ಲ. ಅದು ಅನ್ಯರ ಶ್ರಮದ ಫಲವೇ. ಆತನದಾಗಿದ್ದುದು ಬಾಗಿ ಆಯುವ ಶ್ರಮವೊಂದೇ. ಅಷ್ಟರಿಂದಲೇ ಅದು ಕಾಯಕವಾಯಿತು. ಅದೇ ಅಂಗಳದ ಅದೇ ಅಕ್ಕಿ ಅಗತ್ಯವನ್ನು ಮೀರಿದಾಗ ಲಕ್ಕಮ್ಮನ ಮಡಕೆಗೆ ಸಲ್ಲಲಿಲ್ಲ. ಯಾರೂ ಬೇಡವೆನ್ನುವುದಿಲ್ಲ ಎಂಬುದು ತೆಗೆದುಕೊಳ್ಳಲು ಸಾಕಾದ ಕಾರಣವಲ್ಲವೆಂದು ಆ ತಾಯಿಯು ಗಂಡನಿಗೆ ತಿಳಿಸಿದಳು.

ಸೇವ್ ಫೈಲಿನಲ್ಲಿ ಎರಡು ಬಗೆಯ ಸರಕು ಒಂದೇ ಗಂಟಿನಲ್ಲಿ ಬರುತ್ತದೆ. ಅಭಿಮಾನಿಯು ರೂಪಿಸಿದ ಮಲ್ಲರು ಒಂದು. ಆತನು ಗೆದ್ದ ಪಟ್ಟಗಳು, ಗಳಿಸಿದ ಹಣ, ತೆರೆದ ಗುಪ್ತಗಳು ಇನ್ನೊಂದು. ಮೊದಲನೆಯದು ಕೃತಿ. ಕೃತಿಯನ್ನು ಕೊಡಬಹುದು, ಕೊಂಡುಕೊಳ್ಳಬಹುದು, ಕೊಟ್ಟರೆ ಅದು ಕುಗ್ಗುವುದಿಲ್ಲ. ಎರಡನೆಯದು ಪ್ರಯತ್ನದ ಗುರುತು. ಪ್ರಯತ್ನವಿಲ್ಲದವನ ಬಳಿಗೆ ಅದರ ಗುರುತು ಮಾತ್ರ ಬಂದರೆ ಅದು ಉಂಡವನ ತೇಗನ್ನು ಹಸಿದವನು ಎರವಲು ಪಡೆದಂತೆ.

ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿರುವುದನ್ನು ನಮ್ಮ ಜಿಲ್ಲೆಯವರೆಲ್ಲರೂ ಕೇಳಿದ್ದಾರೆ, ಓದಿ ತಿಳಿದವರು ಕಡಮೆ. ಅಲ್ಲಿಯದೂ ಪಾಲ್ಕಿಗುಂಡಿನದೂ 1931ರಲ್ಲಿ ಬೆಳಕಿಗೆ ಬಂದುವು. ಟರ್ನರ್ ಎಂಬ ಆಂಗ್ಲ ಪಂಡಿತರು ಮರುವರ್ಷ ಹೈದರಾಬಾದಿನ ಪುರಾತತ್ವ ಗ್ರಂಥಮಾಲೆಯಲ್ಲಿ ಅವನ್ನು ಪ್ರಕಟಿಸಿದರು. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕು ಕಾಲವಾದರೂ ಮೊದಲಲ್ಲಿ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದು ಚಕ್ರವರ್ತಿಯು ಅದರಲ್ಲಿ ತಾನೇ ಹೇಳಿಕೊಳ್ಳುತ್ತಾನೆ. ತರುವಾಯ ತಾನು ಕಂಡ ಫಲವು ಪ್ರಯತ್ನದ ಫಲವೆಂದೂ, ಅದು ದೊಡ್ಡವರಿಗೆ ಮಾತ್ರ ದೊರೆಯುವುದಲ್ಲ, ಪ್ರಯತ್ನಿಸಿದ ಅಲ್ಪನೂ ಅದನ್ನು ಪಡೆಯಬಲ್ಲನೆಂದೂ ಸಾರುತ್ತಾನೆ. ಸಾಮ್ರಾಜ್ಯವನ್ನೇ ದಾನ ಮಾಡಬಲ್ಲವನು ಈ ಒಂದನ್ನು ಮಾತ್ರ ಪ್ರಜೆಗಳಿಗೆ ಕೊಡಲಾರದೆ, ನೀವೇ ಪ್ರಯತ್ನಿಸಿರೆಂದು ಬಂಡೆಯ ಮೇಲೆ ಕೊರೆಯಿಸಿದನು.

ಗರಡಿಮನೆಯಲ್ಲಿಯೂ ಇದೇ ನ್ಯಾಯ. ಉಸ್ತಾದನು ಪಟ್ಟುಗಳನ್ನು ಹೇಳಿಕೊಡುತ್ತಾನೆ; ಅವು ಅವನೂ ಕಂಡುಹಿಡಿದವಲ್ಲ, ಅವನ ಉಸ್ತಾದನಿಂದ ಬಂದವು. ಅವನ್ನು ಪಡೆಯುವುದರಲ್ಲಿ ಶಿಷ್ಯನಿಗೆ ಕುಂದಿಲ್ಲ. ಆದರೆ ಬೆಳಗಿನ ಜಾವದ ದಂಡ ಬೈಠಕ್ಕುಗಳನ್ನು ಉಸ್ತಾದನು ಶಿಷ್ಯನ ಪರವಾಗಿ ಹೊಡೆದು ಕೊಡಲಾರನು. ಕೊಟ್ಟರೆ ಉಸ್ತಾದನ ತೋಳು ಬೆಳೆದೀತು. ದೀಕ್ಷೆಯಲ್ಲಿ ಇಷ್ಟಲಿಂಗವನ್ನು ಗುರುವು ಕರಸ್ಥಲಕ್ಕೆ ಅನುಗ್ರಹಿಸುತ್ತಾನೆ. ಲಿಂಗ ಬಂದದ್ದು ಗುರುಹಸ್ತದಿಂದ. ಪೂಜೆ ನಡೆಯಬೇಕಾದದ್ದು ತನ್ನ ಹಸ್ತದಿಂದ. ನಿತ್ಯನೇಮವನ್ನು ಮತ್ತೊಬ್ಬರಿಂದ ಮಾಡಿಸುವುದು ಸಲ್ಲದೆಂದು ಬಸವಣ್ಣನವರು ನಿಷ್ಠುರವಾಗಿ ಹೇಳಿದ್ದಾರೆ. ದಕ್ಷಿಣೆ ಕೊಟ್ಟು ತನ್ನ ಹೆಸರಿನಲ್ಲಿ ಜಪ ಮಾಡಿಸಿ, ಫಲಮಂತ್ರಾಕ್ಷತೆಯನ್ನು ಅಂಚೆಯಲ್ಲಿ ತರಿಸಿಕೊಳ್ಳುವ ಇಂದಿನ ಭಕ್ತರ ಸಂಗಡ ಹೋಲಿಸಿದರೆ, ಸಂದೇಹಪಟ್ಟು ಬಂದು ಕೇಳಿದ ಆ ಹುಡುಗನೇ ಮೇಲು.

ಹಾಗೆಂದು ಎಲ್ಲರಿಗೂ ಒಂದೇ ಕಟ್ಟಳೆಯನ್ನು ವಿಧಿಸುವುದು ವಿವೇಕವಲ್ಲ. ಮೇಲೆ ಹೇಳಿದ ‘ನೋ ಮರ್ಸಿ’ ಆಟದ ಮೊದಮೊದಲಿನ ಪ್ರತಿಗಳಲ್ಲಿ, ಉಳಿಸಿದ್ದೆಲ್ಲ ತಾನಾಗಿ ಅಳಿಸಿಹೋಗುವ ದೋಷವೊಂದಿತ್ತು. ಹುಡುಗುತನದಲ್ಲಿ ಹಗಲಿರುಳು ಆಡಿ ಗಳಿಸಿದ್ದನ್ನು ಒಂದು ಮುಂಜಾನೆ ಕಳೆದುಕೊಂಡವನು, ಈಗ ನಲವತ್ತರ ಹರೆಯದ ಸಂಸಾರಿ, ಮತ್ತೊಬ್ಬರ ಕಡತವನ್ನು ತಂದು ಹಳೆಯ ಆಟವನ್ನು ಒಂದು ಗಳಿಗೆ ಆಡಿದರೆ ಅವನು ಕದ್ದದ್ದೇನು? ತಾನು ಒಮ್ಮೆ ಹತ್ತಿದ ಬೆಟ್ಟಕ್ಕೆ ಎರಡನೆಯ ಸಲ ಮೇನೆಯಲ್ಲಿ ಹೋದನು, ಅಷ್ಟೆ. ಬೆರಳುಗಳ ಸ್ವಾಧೀನ ತಪ್ಪಿದ ರೋಗಿಯಾದ ಬಾಲಕನಿಗೆ ಕಠಿಣವಾದ ಪಂದ್ಯಗಳನ್ನು ಗೆದ್ದು ತೆರೆಯುವುದು ಅಸಾಧ್ಯವಾಗಿರಬಹುದು. ಅವನಿಗೆ ತೆರೆದ ಕಡತವನ್ನು ತಂದುಕೊಟ್ಟ ಅಣ್ಣನು ಪುಣ್ಯವನ್ನೇ ಮಾಡಿದನು. ದಿನಕ್ಕೆ ಅರ್ಧ ತಾಸು ಬಿಡುವಿರುವ ದುಡಿಮೆಗಾರನ ವಿಷಯದಲ್ಲಿಯೂ ನಾವು ಕಠಿಣರಾಗಲಾರೆವು. ಆಟದೊಳಗಿನ ಶ್ರಮವೆಲ್ಲವೂ ಸಾಧನೆಯಲ್ಲ. ಅದರಲ್ಲಿ ಬಹುಭಾಗವು ಆಡುವವನನ್ನು ಯಂತ್ರದ ಮುಂದೆ ಹೆಚ್ಚು ಹೊತ್ತು ಕಟ್ಟಿಹಾಕಲು ಮಾರಾಟಗಾರರು ಹೂಡಿದ ಉಪಾಯವೆಂದು ನಮ್ಮ ಅಭಿಪ್ರಾಯ. ಅಂಥ ಕಟ್ಟನ್ನು ಕಡಿದವನು ತಪಸ್ಸನ್ನು ಕೆಡಿಸಿದನೆಂದು ಹೇಳುವುದು ಹಾಸ್ಯಾಸ್ಪದವಾದೀತು. ಯಾವ ಶ್ರಮವು ಆಡುವವನ ಕೈಯನ್ನು, ಕಣ್ಣನ್ನು, ತಾಳ್ಮೆಯನ್ನು ಪಳಗಿಸುವುದೋ ಅದನ್ನು ಉಳಿಸಿಕೊಂಡು, ಬರಿಯ ಕಾಲಹರಣದ ಶ್ರಮವನ್ನು ಬಿಡುವುದು ಯುಕ್ತ. ಯಾವುದು ಯಾವುದೆಂದು ಆಡುವವನಿಗೇ ಗೊತ್ತು, ಅವನ ಮನಸ್ಸಿನ ಸಾಕ್ಷಿ ಸಾಕು.

ಇಬ್ಬರು ಕೂಡಿ ಆಡುವಾಗ ಮಾತ್ರ ಮನಸ್ಸಿನ ಸಾಕ್ಷಿ ಸಾಲದು. ಕಡತವನ್ನು ರೂಪಿಸುವವನು ತನ್ನ ಮಲ್ಲನ ಬಲವನ್ನು ಮೇರೆಯವರೆಗೆ ಏರಿಸಿ ಇಡಬಹುದು. ಅದನ್ನು ಅರಿಯದ ಗೆಳೆಯನೊಡನೆ ಆಡಿ ಗೆದ್ದವನು ಗೆಲ್ಲಲಿಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಪರಿಸರವನ್ನೇ ಕಿಷ್ಕಿಂಧೆಯೆನ್ನುವುದು ವಾಡಿಕೆ. ಅಲ್ಲಿ ನಡೆದ ವಾಲಿಸುಗ್ರೀವರ ದ್ವಂದ್ವಯುದ್ಧದಲ್ಲಿ ಸುಗ್ರೀವನಿಗೆ ಒಬ್ಬ ಸಹಾಯಕನಿದ್ದನೆಂಬುದಕ್ಕೆ ವಾಲಿಯು ಅಷ್ಟಾಗಿ ನೊಂದಂತೆ ತೋರುವುದಿಲ್ಲ. ಆ ಸಹಾಯಕನು ಮರೆಯಲ್ಲಿ ನಿಂತಿದ್ದನೆಂಬುದಕ್ಕೆ ನೊಂದನು. ಅವನಿಗೆ ರಾಮನು ಕೊಟ್ಟ ಉತ್ತರವನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ದೇವರಿಗೇ ಇಷ್ಟು ಕಷ್ಟವಾದ ಸಮರ್ಥನೆಯು ಮೊಬೈಲು ಹಿಡಿದ ಹುಡುಗನಿಗೆ ಸುಲಭವಾದೀತೆ? ಕಡತ ಯಾರದು, ಅದರಲ್ಲಿ ಏನೇನಿದೆ ಎಂಬುದನ್ನು ಆಟಕ್ಕೆ ಮುನ್ನವೇ ಎದುರಾಳಿಗೆ ತಿಳಿಸಿದರೆ, ಇಬ್ಬರೂ ಅದನ್ನೇ ಬಳಸಲು ಒಪ್ಪಿದರೆ, ತಕರಾರಿಗೆ ಎಡೆಯಿಲ್ಲ.

ನಮಗೆ ಆಟಕ್ಕಿಂತ ಹೆಚ್ಚಾಗಿ ಕಳವಳವಾಗಿರುವುದು ಆಟದಲ್ಲಿ ಬಲಿತ ಅಭ್ಯಾಸವು ಹೊರಗೆ ಬರುವ ಬಗೆ. ಪ್ರಯೋಗಶಾಲೆಯೊಳಗೆ ಕಾಲಿಡದವನ ಪ್ರಯೋಗದ ಪುಸ್ತಕ ಹಿಂದಿನ ವರ್ಷದವನ ಪುಸ್ತಕವನ್ನು ನೋಡಿ ಪೂರ್ತಿಯಾಗುತ್ತದೆ. ಸ್ನಾತಕೋತ್ತರ ಪ್ರಬಂಧಗಳು ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುತ್ತವೆ. ಈಗಂತೂ ಗಣಕವೇ ಬರೆದುಕೊಡುತ್ತದೆ. ವೇದಿಕೆಯೇರಿ ಪ್ರವಚನ ಮಾಡುವ ನಮ್ಮಂಥ ಕಾವಿಧಾರಿಗಳಲ್ಲಿಯೂ ಇನ್ನೊಬ್ಬರು ಬರೆದುಕೊಟ್ಟದ್ದನ್ನು ಅನುಭಾವದ ದನಿಯಲ್ಲಿ ಓದುವವರಿಲ್ಲವೆ? ಇವರಲ್ಲಿ ಯಾರೂ ಬಡತನದಿಂದ ಹಾಗೆ ಮಾಡಿದವರಲ್ಲ. ಪಟ್ಟ ದೊರೆತರೆ ಸಾಕು, ಪಟ್ಟು ಬೇಡವೆಂಬ ಬುದ್ಧಿಯೇ ಕಾರಣ. ಹತ್ತು ವರ್ಷದ ಮಗುವು ಗೆದ್ದಿಟ್ಟ ಗೆಲುವನ್ನು ತೋರಿಸಿ, ನಾನು ಗೆದ್ದೆನೆಂದು ತಂದೆಯ ಮುಂದೆ ಹಿಗ್ಗುವಾಗ ತಂದೆಯು ಮೆಚ್ಚಿ ತಲೆ ಸವರುತ್ತಾನೆ. ಆ ಮೆಚ್ಚುಗೆಯು ಯಾರಿಗೆ ಸಂದಿತೆಂಬುದು ಮಗುವಿಗೆ ಮಾತ್ರ ಗೊತ್ತು. ಆ ಗುಟ್ಟನ್ನು ಅದು ಒಬ್ಬಂಟಿಯಾಗಿ ಹೊರಬೇಕಾಗುತ್ತದೆ. ಇದಕ್ಕಾಗಿ ಮಗುವನ್ನು ಬೈಯುವುದಕ್ಕಿಂತ, ಯಾರು ಮಾಡಿದ್ದು ಇದು ಎಂದು ಸಹಜವಾಗಿ ಕೇಳುವ ರೂಢಿಯನ್ನು ಮನೆಯಲ್ಲಿ ಹಾಕಿಕೊಳ್ಳುವುದು ಲೇಸು.

ಯಾರು ಮಾಡಿದ್ದು ಎಂಬ ಈ ಪ್ರಶ್ನೆಗೆ ನಮ್ಮ ಶರಣರು ಕೊಟ್ಟ ಗೌರವ ಅಸಾಧಾರಣವಾದುದು. ವಚನಕಾರರು ತಮ್ಮ ಹೆಸರನ್ನು ಮೆರೆಸದೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇರಿಸಿದರು. ಆದರೂ ಆ ಅಂಕಿತದಿಂದಲೇ ಕರ್ತೃವಿನ ಗುರುತು ಉಳಿಯಿತು. ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಅರಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗ ಯಾವುದು ಯಾರದೆಂದು ಗೊತ್ತುಮಾಡಲು ಒದಗಿದ ಆಧಾರ ಆ ಅಂಕಿತಗಳೇ. ಅವುಗಳಿಗೂ ಹಿಂದೆ, ಗವಿಮಠದ ಬಂಡೆಯ ಮೇಲಿರುವ ಮಾತುಗಳೇ ಮಸ್ಕಿ, ನಿಟ್ಟೂರು, ಬ್ರಹ್ಮಗಿರಿಗಳಲ್ಲಿಯೂ ಪ್ರತಿಯಾಗಿ ಕೆತ್ತಲ್ಪಟ್ಟಿವೆ. ಬ್ರಹ್ಮಗಿರಿಯಲ್ಲಿ ಕೊನೆಗೆ ಚಪಡನೆಂಬ ಲಿಪಿಕಾರನು ತಾನು ಬರೆದೆನೆಂದು ಹೆಸರನ್ನು ಹಾಕಿದ್ದಾನೆ. ಮಾತು ಚಕ್ರವರ್ತಿಯದು, ಬರವಣಿಗೆ ತನ್ನದು. ಅಷ್ಟನ್ನೇ ಅವನು ಹೇಳಿಕೊಂಡನು.

ಕಡತವನ್ನು ರೂಪಿಸಿದ ಅಭಿಮಾನಿಗಳೂ ಸ್ವಂತ ಹೆಸರನ್ನು ಹೇಳದೆ ಒಂದು ಕಲ್ಪಿತನಾಮವನ್ನು ಮಾತ್ರ ಇಟ್ಟಿರುತ್ತಾರೆ. ಅದನ್ನು ಅವರ ಅಂಕಿತವೆಂದೇ ತಿಳಿಯಬೇಕು. ಬಿಟ್ಟಿಯಾಗಿ ದೊರೆತ ಕಡತಗಳಿಂದ ಆ ಅಂಕಿತಗಳನ್ನು ಅಳಿಸಿ, ಒಂದು ಕಟ್ಟು ಮಾಡಿ, ಐವತ್ತಕ್ಕೋ ನೂರಕ್ಕೋ ಮಾರುವವನಿದ್ದರೆ ಅವನ ವಿಷಯದಲ್ಲಿ ಪದಾರ್ಥ ಪ್ರಸಾದಗಳ ಚರ್ಚೆ ಬೇಕಿಲ್ಲ, ಅದು ಶುದ್ಧಾಂಗವಾಗಿ ಕಳವು. ದಾಸೋಹದ ರೊಟ್ಟಿಯನ್ನು ಕದ್ದು ಖಾನಾವಳಿ ನಡೆಸಿದಂತೆ. ಇನ್ನು ಅಂಕಿತವೇ ಇಲ್ಲದ ಕಡತವು ಕೈಗೆ ಬಂದರೇನು ಮಾಡಬೇಕೆಂಬುದೊಂದು ಉಳಿಯುತ್ತದೆ. ವಚನಗಳನ್ನು ಸಂಪಾದಿಸಿದ ವಿದ್ವಾಂಸರಿಗೂ ಈ ತೊಡಕು ಬಂದಿತ್ತು. ಕರ್ತೃ ಯಾರೆಂದು ನಿಶ್ಚಯವಾಗದ ವಚನಗಳನ್ನು ಅವರು ಬಸವಣ್ಣನವರದೆಂದೋ ಅಲ್ಲಮಪ್ರಭುವಿನದೆಂದೋ ಹಚ್ಚಲಿಲ್ಲ. ಅಜ್ಞಾತ ವಚನಕಾರರೆಂಬ ಶೀರ್ಷಿಕೆಯ ಕೆಳಗೆ ಅವನ್ನು ಬೇರೆಯಾಗಿ ಅಚ್ಚು ಮಾಡಿಸಿದರು.